ಗುರುವಾರ ತಾನೇ ಎಚ್ಚರಾಗುವ ಕಂಪ್ಯೂಟರು

ಪುಣೆಯ ಕರ್ವೆನಗರದ ಒಂದು ಹಳೆಯ ಸೊಸೈಟಿಯಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ ಇಂದೂಬಾಯಿ ವಾಸವಾಗಿದ್ದಾಳೆ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಈ ಊರಿಗೆ ಬಂದವಳು. ಬೀದಿಯಲ್ಲಿ ತರಕಾರಿಯವಳೊಡನೆ ಮರಾಠಿಯಲ್ಲಿ ಜಗಳವಾಡಿ, ಮೆಟ್ಟಿಲು ಹತ್ತಿ ಬಂದು ಅದೇ ಜಗಳವನ್ನು ಕನ್ನಡದಲ್ಲಿ ಹೇಳಿ ನಗುವುದು ಅವಳ ಪದ್ಧತಿಯಾಗಿತ್ತು. ಸುತ್ತಲಿನ ಹೆಂಗಸರಿಗೆಲ್ಲ ಅವಳು ಪಿಕೋ ಕಾಕೂ, ಪಿಕೋ ಚಿಕ್ಕಮ್ಮ. ಸೀರೆಗೆ ಫಾಲ್ ಹಚ್ಚುವುದರಲ್ಲಿ, ಸೆರಗಿನ ಅಂಚಿಗೆ ಪಿಕೋ ಹೊಲಿಯುವುದರಲ್ಲಿ ಅವಳ ಕೈ ಪಳಗಿದ ಕೈ. ಮಗಳು ಅನುಜಾಳ ಓದಿನಲ್ಲಿಯೂ ಮದುವೆಯಲ್ಲಿಯೂ ಆ ಹೊಲಿಗೆಯ ಮಷೀನಿನ ಪಾಲು ಇದೆ.

ಅವಳ ಗಂಡ ಮಾರ್ತಾಂಡರಾಯರು ಪಿಂಪರಿಯ ಕಾರಖಾನೆಯೊಂದರಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಆಮೇಲೆ ಸೊಸೈಟಿಯ ಸೆಕ್ರೆಟರಿಯಾದರು. ಪುಣೆಯವರು ಗೋಡೆಗೆ ಸೂಚನೆ ಅಂಟಿಸಿ ಜನರನ್ನು ಚುಚ್ಚುವುದರಲ್ಲಿ ನಿಸ್ಸೀಮರು. ರಾಯರು ಆ ವಿದ್ಯೆಯಲ್ಲಿ ಗುರುವನ್ನೇ ಮೀರಿಸಿದ ಶಿಷ್ಯ. ‘ಕಿಟಕಿಯಿಂದ ಕಸ ಎಸೆಯುವ ಮಹನೀಯರ ಗುರಿ ಅದ್ಭುತವಾಗಿದೆ. ಅವರು ದೇಶಕ್ಕಾಗಿ ಆಡಬೇಕು, ನಮ್ಮ ಸೊಸೈಟಿಯಲ್ಲಿ ಅವರ ಪ್ರತಿಭೆ ಹಾಳಾಗುತ್ತಿದೆ’ ಎಂದು ಮರಾಠಿಯಲ್ಲಿ ಬರೆದು ಅಂಟಿಸಿದ್ದನ್ನು ಪಕ್ಕದ ಸೊಸೈಟಿಯವರೂ ಬಂದು ಓದಿ ಹೋಗಿದ್ದರು. ಈ ಸೂಚನೆಗಳೆಲ್ಲ ಹುಟ್ಟುತ್ತಿದ್ದದ್ದು ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನಲ್ಲಿ. ಶಬ್ದ ಹೊಳೆಯದೆ ಹೋದಾಗ ರಾಯರು ಬೆರಳಿನ ಹವಳದ ಉಂಗುರದಿಂದ ಮೇಜಿನ ಅಂಚನ್ನು ಟಕ್ ಟಕ್ ಎಂದು ಬಡಿಯುತ್ತ ಕೂಡುತ್ತಿದ್ದರು.

ಕಳೆದ ಜ್ಯೇಷ್ಠಮಾಸದ ಒಂದು ಸಂಜೆ ರಾಯರು ನೀರಿನ ಟಾಕಿಯ ವಿಷಯದ ಸೂಚನೆಯೊಂದನ್ನು ಅಂಟಿಸಲು ಕೆಳಗೆ ಹೋದರು. ಮರಳಿ ಬರುವಾಗ, ಮನೆಯ ಬಾಗಿಲಿಗೆ ಸ್ವಲ್ಪ ಕೆಳಗೆ, ಮೆಟ್ಟಿಲು ತಿರುಗುವ ಕಟ್ಟೆಯ ಮೇಲೆ ಕೂತುಬಿಟ್ಟರು. ಒಳಗೆ ಇಂದೂಬಾಯಿ ಯಾರದೋ ಮದುವೆಯ ಸೀರೆಗೆ ಪಿಕೋ ಮಾಡುತ್ತಿದ್ದಳು. ಮಷೀನಿನ ಸದ್ದಿನ ನಡುವೆ, ಹೊರಗೆ ಮೆಟ್ಟಿಲ ಬದಿಯ ಕಬ್ಬಿಣದ ಕಠಡೆಗೆ ಉಂಗುರ ತಾಗುವ ಟಕ್ ಟಕ್ ಅವಳಿಗೆ ಕೇಳಿಸಿತು. ಯಾರ ಜೊತೆಗೋ ಮಾತಿಗೆ ನಿಂತಿರಬೇಕು ಎಂದುಕೊಂಡಳು. ಈ ಸೆರಗು ಮುಗಿದರೆ ಎದ್ದು ಚಹಾಕ್ಕೆ ಇಟ್ಟೇನು ಎಂದುಕೊಂಡಳು. ಸೆರಗು ಮುಗಿಯಿತು. ಬಾಗಿಲು ತೆರೆದಾಗ ರಾಯರು ಗೋಡೆಗೆ ಒರಗಿ ಕೂತಿದ್ದರು. ಜೀವ ಇರಲಿಲ್ಲ.

ಬೇಗ ಕಂಡಿದ್ದರೂ ಉಪಯೋಗವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದು ಮಗಳಿಗೆ ಹೇಳಿದ ಮಾತು, ಲೋಕಕ್ಕೆ ಹೇಳಿದ ಮಾತು. ಆ ಟಕ್ ಟಕ್ ತನಗೆ ಕೇಳಿಸಿತ್ತು ಎಂಬುದನ್ನು ಇಂದೂಬಾಯಿ ಯಾರಿಗೂ ಹೇಳಲಿಲ್ಲ. ಹೊಸ್ತಿಲ ತನಕ ಬಂದ ಗಂಡನನ್ನು ತಾನು ಒಳಗೆ ಕರೆದುಕೊಳ್ಳಲಿಲ್ಲ ಎಂಬ ಒಂದು ಮಾತು ಅವಳ ಎದೆಯಲ್ಲಿ ಕಲ್ಲಾಗಿ ಕೂತಿತು.

ಕ್ರಿಯಾಕರ್ಮಗಳು ಮುಗಿದು, ಬಂದವರೆಲ್ಲ ತಿರುಗಿ ಹೋದ ಮೇಲಿನ ಮೊದಲ ಗುರುವಾರ. ಆ ಭಾಗದಲ್ಲಿ ಲೈನಿನ ಕೆಲಸಕ್ಕೆಂದು ಗುರುವಾರ ಕರೆಂಟು ತೆಗೆಯುತ್ತಾರೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮರಳಿ ಬರುತ್ತದೆ. ಇಂದೂಬಾಯಿ ನಡುಮನೆಯಲ್ಲಿ ಅಡ್ಡಾಗಿದ್ದಳು. ಕರೆಂಟು ಬಂತು. ಫ್ರಿಜ್ಜು ಗುಂಯ್ ಎಂದಿತು, ತಲೆಯ ಮೇಲಿನ ಫ್ಯಾನು ತಿರುಗತೊಡಗಿತು. ಅದರ ಬೆನ್ನಿಗೇ ಮೂಲೆಯಲ್ಲಿ ಕಂಪ್ಯೂಟರು ತಾನೇ ಶುರುವಾಯಿತು. ಯಾರೂ ಮುಟ್ಟಿರಲಿಲ್ಲ. ಮಾನಿಟರಿನ ಮೇಲೆ ಬೆಳಕು ಬಂತು, ಚುಕ್ಕೆಗಳ ಚಕ್ರವೊಂದು ತಿರುಗಿತು, ಕೊನೆಗೆ ಒಂದು ದುಂಡು ಚೌಕಟ್ಟಿನೊಳಗೆ ರಾಯರ ಮುಖ ಮೂಡಿತು. ಸಿಂಹಗಡದ ಮೇಲೆ ಅನುಜಾ ತೆಗೆದ ಫೋಟೋ; ಕುತ್ತಿಗೆಗೆ ಮಫ್ಲರ್, ಬಾಯಲ್ಲಿ ಅರ್ಧ ನಗೆ. ಕರೆಂಟು ಹೋಗಿ ಬಂದರೆ ಯಂತ್ರ ತಾನೇ ಏಳುವಂತೆ ರಾಯರೇ ಎಂದೋ ಒಳಗೊಳಗೆ ಮಾಡಿಟ್ಟಿದ್ದರು, ತಮ್ಮ ಮಧ್ಯಾಹ್ನದ ನಿದ್ದೆ ಮುಗಿಯುವಷ್ಟರಲ್ಲಿ ಅದು ಸಿದ್ಧವಾಗಿರಲಿ ಎಂದು. ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟಕೂಡದು ಎಂಬುದು ಅವರ ಕಟ್ಟಪ್ಪಣೆ. ಅದೆಲ್ಲ ಇಂದೂಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಎದ್ದು ಕೂತು, ಸೆರಗು ಸರಿಮಾಡಿಕೊಂಡು, “ಬಂದ್ರ್ಯಾ?” ಎಂದಳು.

ಅಂದಿನಿಂದ ಗುರುವಾರವೆಂದರೆ ರಾಯರು ಬರುವ ದಿನ. ಆ ದಿನ ಯಾರ ಸೀರೆಯನ್ನೂ ಮುಟ್ಟುತ್ತಿರಲಿಲ್ಲ. ಮೂಲೆಯ ಕುರ್ಚಿ ಒರಸಿ ಇಡುತ್ತಿದ್ದಳು. ಅವರ ಮುಖ ಬಂದ ಮೇಲೆ ಎದುರಿಗೆ ಕೂತು, ಯಾರ ಮನೆಯಲ್ಲಿ ಏನಾಯಿತು, ಹೊಸ ಸೆಕ್ರೆಟರಿಯ ಸೂಚನೆಗಳಲ್ಲಿ ಉಪ್ಪೂ ಇಲ್ಲ ಹುಳಿಯೂ ಇಲ್ಲ, ಎಂಬ ವರ್ತಮಾನ ಹೇಳುತ್ತಿದ್ದಳು. ಇದರಿಂದ ಯಾರಿಗೂ ಕೇಡಿರಲಿಲ್ಲ. ಅವಳಿಗೂ ಒಂದು ವಾರ ದಾಟಲು ಅದು ಸಾಕಾಗುತ್ತಿತ್ತು.

ಹೀಗೆ ನವರಾತ್ರಿ ಬಂತು. ಮನೆಯ ಯಜಮಾನ ಹೋದ ವರ್ಷ ಹಬ್ಬ ಮಾಡುವುದಿಲ್ಲ. ವರ್ಷಾಬ್ದಿಕ ಮುಗಿಯುವವರೆಗೆ ತೋರಣವಿಲ್ಲ, ಕಾಯಿಯಿಲ್ಲ. ಆದರೆ ಖಂಡೇನವಮಿಯ ದಿನ, ಆಯುಧಪೂಜೆಯೆಂದು, ಆ ಮನೆಯಲ್ಲಿ ಎಂದೂ ತಪ್ಪದ ಪೂಜೆಯೊಂದಿತ್ತು. ಹೊಲಿಗೆಯ ಮಷೀನಿಗೆ ಇಂದೂಬಾಯಿ, ಕಂಪ್ಯೂಟರಿಗೆ ರಾಯರು. ಅವರವರು ದುಡಿಸಿದ ಯಂತ್ರಕ್ಕೆ ಅವರವರ ಕೈಯ ಪೂಜೆ. ಆ ದಿನ ಬೆಳಗಿನಿಂದ ಅವಳ ಜೀವ ಚಡಪಡಿಸಿತು. ರಾಯರು ಹೋದರು, ಅವರ ಯಂತ್ರ ಏನು ಪಾಪ ಮಾಡಿತ್ತು? ಕೊನೆಗೆ ಬಾಗಿಲಿಗೆ ಅಗಳಿ ಹಾಕಿ, ಕಳ್ಳತನ ಮಾಡುವವಳಂತೆ ಗಂಧ, ಅಕ್ಷತೆ, ಚೆಂಡುಹೂವು ತೆಗೆದಳು. ಹತ್ತಿಯನ್ನು ಹೊಸೆದು, ನಡುನಡುವೆ ಕುಂಕುಮದ ನೀರು ಹಚ್ಚಿ ಗೆಜ್ಜೆವಸ್ತ್ರ ಮಾಡಿದಳು; ದೇವರಿಗೆ ಉಡಿಸುವ ವಸ್ತ್ರವೆಂದು ಕೊರಳಿಗೆ ಏರಿಸುವ ಹತ್ತಿಯ ಮಾಲೆ ಅದು. ರಾಯರ ಮುಖ ನೋಡುತ್ತ ಪೂಜೆ ಮಾಡೋಣವೆಂದು ಗುಂಡಿ ಒತ್ತಿ ಕಂಪ್ಯೂಟರನ್ನು ಶುರುಮಾಡಿದಳು. ಮೇಜಿನ ಕೆಳಗಿದ್ದ ಸಿಪಿಯು ಪೆಟ್ಟಿಗೆಗೆ, ತನ್ನ ಮಷೀನಿಗೆ ಮಾಡುವಂತೆಯೇ, ನೆತ್ತಿಯ ಮೇಲೆ ಹೂವಿಟ್ಟು, ಅಕ್ಷತೆ ಹಾಕಿ, ಗೆಜ್ಜೆವಸ್ತ್ರ ಏರಿಸಿ ಕೈಮುಗಿದಳು.

ಮರುದಿನ ಬೆಳಿಗ್ಗೆ ಮಾನಿಟರು ಕಪ್ಪಾಗಿತ್ತು. ಪೆಟ್ಟಿಗೆಯ ಮೇಲೆ ಹೂವು ಒಂದೆರಡು ಇದ್ದವು. ಗೆಜ್ಜೆವಸ್ತ್ರ ಮಾತ್ರ ಇರಲಿಲ್ಲ. ಮೇಜಿನ ಕೆಳಗೆ, ಕುರ್ಚಿಯ ಹಿಂದೆ ಎಲ್ಲ ಹುಡುಕಿದಳು. ಮನೆಗೆ ಯಾರೂ ಬಂದಿರಲಿಲ್ಲ, ಹಾಕಿದ ಅಗಳಿ ಹಾಕಿದಂತೆಯೇ ಇತ್ತು. ಇಂದೂಬಾಯಿಗೆ ಸಂಶಯ ಉಳಿಯಲಿಲ್ಲ. ವಸ್ತ್ರವನ್ನು ಅವರು ತೆಗೆದುಕೊಂಡಿದ್ದರು.

ಮುಂದಿನ ಗುರುವಾರ ಕರೆಂಟು ಬಂತು. ಕಂಪ್ಯೂಟರು ಎದ್ದಿತು. ಎದ್ದದ್ದೇ ತಡ, ಪೆಟ್ಟಿಗೆಯೊಳಗಿನಿಂದ ಟಕ್, ಟಕ್, ಟಕ್ ಎಂಬ ಸದ್ದು. ಕಠಡೆಗೆ ಉಂಗುರ ಬಡಿದ ಸದ್ದು! ಇಂದೂಬಾಯಿ ಪರದೆಯ ಹತ್ತಿರಕ್ಕೆ ಸರಿದಳು. ಚುಕ್ಕೆಗಳ ಚಕ್ರ ತಿರುಗಿತು. ಮುಖ ಇನ್ನೇನು ಮೂಡಬೇಕು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಸದ್ದು ನಿಂತಿತು. ಗುಂಡಿ ಒತ್ತಿದಳು. ಮತ್ತೆ ಟಕ್ ಟಕ್. ಈ ಸಲ ಚಕ್ರ ಕಾಣಿಸುವ ಮೊದಲೇ ಎಲ್ಲ ಆರಿಹೋಯಿತು. ಯಾರೋ ಮೆಟ್ಟಿಲು ಹತ್ತಿ ಬಂದು, ಬಾಗಿಲು ತಟ್ಟಿ, ಒಳಗಿನವರು ಏಳಲಿಲ್ಲವೆಂದು ತಿರುಗಿ ಹೋದಂತೆ.

ಅಂದಿನಿಂದ ಪ್ರತಿ ಗುರುವಾರವೂ ಅದೇ. ಒಮ್ಮೊಮ್ಮೆ, ಚಳಿ ಬಿದ್ದ ಬೆಳಗಿನಲ್ಲಿ ಅವಳೇ ಗುಂಡಿ ಒತ್ತಿದಾಗ, ರಾಯರ ಮುಖ ಕ್ಷಣಹೊತ್ತು ಬಂದು ಹೋಗುತ್ತಿತ್ತು. ಮಧ್ಯಾಹ್ನ ಅಷ್ಟೂ ಇಲ್ಲ. ತಾನು ವರ್ಷದ ಕಟ್ಟು ಮುರಿದೆ, ಮಾಡಬಾರದ ಪೂಜೆ ಮಾಡಿದೆ, ಅದಕ್ಕೇ ಅವರಿಗೆ ಒಳಗೆ ಬರಲಾಗುತ್ತಿಲ್ಲ ಎಂದು ಅವಳಿಗೆ ನಿಶ್ಚಯವಾಯಿತು. ಒಮ್ಮೆ ಕೇಳಿಸಿಕೊಂಡೂ ಬಾಗಿಲು ತೆಗೆಯಲಿಲ್ಲ. ಈಗ ಬಾಗಿಲನ್ನು ನಾನೇ ಮುಚ್ಚಿದ್ದೇನೆ. ಅವರು ಒಳಗೆ ಬಂದರೆ ಸಾಕು, ಒಮ್ಮೆ ಬಂದರೆ ಸಾಕು. ಅವಳಿಗೆ ಬೇಕಾದದ್ದು ಅಷ್ಟೇ.

ಅನುಜಾ ಖರಾಡಿಯ ಐಟಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ವಿಭಾಗದಲ್ಲಿದ್ದಾಳೆ. ಭಾನುವಾರಕ್ಕೊಮ್ಮೆ ಬರುವವಳು, ಆಫೀಸಿನ ಗೆಳೆಯರನ್ನು ಕೇಳಿಕೊಂಡು ಬಂದು ತನಗೆ ತಿಳಿದದ್ದನ್ನೆಲ್ಲ ಮಾಡಿನೋಡಿದಳು. ಒಂದಾದ ಮೇಲೊಂದರಂತೆ ಗುಂಡಿ ಒತ್ತಿದಷ್ಟೂ ಯಂತ್ರ ಮೊದಲಿಗಿಂತ ಬೇಗ ಆರುತ್ತಿತ್ತು.

“ಸೇಫ್ ಮೋಡಿಗೂ ಬರವಲ್ದು ಅವ್ವಾ. ಹೊಸದಾಗಿ ವಿಂಡೋಸ್ ಹಾಕೋಣಂದ್ರ ಅಲ್ಲಿತನಕಾನೂ ಜೀವ ಹಿಡಿಯವಲ್ದು.”

“ನೀ ಹಿಂಗ ಮ್ಯಾಲಿಂದ ಮ್ಯಾಲೆ ಹಟ ಹಿಡಿದ್ರ ಹೆಂಗ ಬಂದಾರು? ಸ್ವಲ್ಪ ದಮ್ ಹಿಡೀಲಿ.”

“ಬಂದಾರು? ಅವ್ವಾ, ಇದು ಮಷೀನು. ಅಪ್ಪ ಅಲ್ಲ.”

“ಮಷೀನ್ ಅಂತನ ಅಂದೆ ನಾನು.”

“ನೀ ಏನಂದಿ ನಾ ಕೇಳೀನಿ ಬಿಡು.”

ಮಾಘದ ಒಂದು ಗುರುವಾರ ಅನುಜಾಳಿಗೆ ರಜೆಯಿತ್ತು. ಹೇಳದೆ ಕೇಳದೆ ಬಂದಳು. ಮೆಟ್ಟಿಲು ಹತ್ತುತ್ತಿದ್ದಂತೆ ನೋಡುತ್ತಾಳೆ, ಮನೆಯ ಬಾಗಿಲು ಹಾರುಹೊಡೆದಿದೆ. ಅವ್ವ ಹೊಸ್ತಿಲ ಒಳಗೆ ಒಂದು ಬದಿಗೆ ಸರಿದು ನಿಂತಿದ್ದಾಳೆ, ಯಾರಿಗೋ ದಾರಿ ಬಿಟ್ಟು ನಿಂತವಳ ಹಾಗೆ. ಒಳಗೆ ಕಂಪ್ಯೂಟರು ಟಕ್ ಟಕ್ ಎನ್ನುತ್ತಿತ್ತು. ಅನುಜಾ ನೋಡುತ್ತಿದ್ದಂತೆಯೇ ಅದು ಆರಿತು. ಇಂದೂಬಾಯಿ ಕಟ್ಟೆಯ ಕಡೆ ನೋಡಿ, “ಹೋದ್ರು” ಎಂದಳು. ಆಮೇಲೆಯೇ ಅವಳಿಗೆ ಮಗಳು ಕಂಡದ್ದು.

ಅನುಜಾ ಒಳಗೆ ಬಂದು ಬಾಗಿಲು ಹಾಕಿ, ಗೋಡೆಯ ಸ್ವಿಚ್ಚನ್ನು ಆರಿಸಿದಳು.

“ಎಷ್ಟ ದಿನಾತು ಇದು?”

“ಏನು ಎಷ್ಟ ದಿನ? ಗಾಳಿ ಬರಲೆಂತ ತಗದಿದ್ದೆ.”

“ಅವ್ವಾ, ನನಗ ಅಂಜಿಕಿ ಆಗ್ತದ. ನೀ ಬಾಗಲಾ ತಗದು ನಿಲ್ತಿ ಅಂತ ಕೆಳಗಿನ ಮನಿ ಕಾಕೂ ಫೋನ್ ಮಾಡಿದಾಗ ನಾ ನಂಬಿರಲಿಲ್ಲ. ಬರೂ ಐತವಾರ ಈ ಡಬ್ಬಿ ಒಯ್ದು ರದ್ದಿಯವಗ ಕೊಟ್ಟಬಿಡ್ತೀನಿ.”

“ಬ್ಯಾಡ.”

“ಕೆಟ್ಟದ್ದನ್ನ ಇಟಗೊಂಡು ಏನ ಮಾಡ್ತಿ?”

“ಅನುಜಾ, ಬ್ಯಾಡ ಅಂದೆ. ಅವರು ಒಳಗ ಬರೂಕಿಂತ ಮೊದಲ ನೀ ಬಾಗಲಾ ಕಿತ್ತುಕೊಂಡ ಹೋಗಬ್ಯಾಡ.”

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೋಗುವಾಗ ಮಾತ್ರ, “ಐತವಾರ ಬರ್ತೀನಿ” ಎಂದಳು. ಆ ಮಾತಿನಲ್ಲಿ ಸಡಿಲವಿರಲಿಲ್ಲ.

ಇಂದೂಬಾಯಿ ಆ ಸಂಜೆಯೇ ದೇಹೂ ರೋಡಿಗೆ ಫೋನು ಮಾಡಿದಳು. ಅಲ್ಲಿ ಅವಳ ನಾದಿನಿ, ರಾಯರ ತಂಗಿ ವರದಾಬಾಯಿ ಇದ್ದಾಳೆ. ಟೆಲಿಫೋನ್ ಆಫೀಸಿನಲ್ಲಿ ಲೈನಿನ ದೋಷ ಹುಡುಕುವ ಕೆಲಸ ಮಾಡಿ ನಿವೃತ್ತಳಾದವಳು. ದೆವ್ವ, ದೃಷ್ಟಿ ಎಂದರೆ ನಗುವವಳು. ಆದರೆ ಮನೆತನದ ಕಟ್ಟುಕಟ್ಟಳೆ ಎಂದರೆ ಕತ್ತಿಯ ಅಲಗು. ಈ ವರ್ಷ ದೀಪಾವಳಿಗೆ ನೆರೆಯವರು ಕಳಿಸಿದ ಕರಜಿಕಾಯಿಯನ್ನು ಇಂದೂಬಾಯಿ ಒಳಗೆ ತೆಗೆದುಕೊಂಡಳೆಂಬುದಕ್ಕೇ ಅರ್ಧ ತಾಸು ಫೋನಿನಲ್ಲಿ ಪಾಠ ಹೇಳಿದ್ದಳು. ಅವಳನ್ನು ಕರೆಯುವುದೆಂದರೆ ಇಂದೂಬಾಯಿಗೆ ಹುಲಿಯನ್ನು ಕರೆದು ಬಾಗಿಲು ತೆರೆದಂತೆ. ಆದರೂ ಕರೆದಳು. ಬೇರೆ ಯಾರಿದ್ದರು?

ಶನಿವಾರ ಬೆಳಿಗ್ಗೆ ವರದಾಬಾಯಿ ಲೋಕಲ್ ರೈಲಿನಲ್ಲಿ ಶಿವಾಜಿನಗರಕ್ಕೆ ಬಂದು, ರಿಕ್ಷಾದವನೊಡನೆ ಜಗಳಾಡಿ ಗೆದ್ದ ಉತ್ಸಾಹದಲ್ಲಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತಿರುಪು ಬಿಚ್ಚುವ ಪೇಚುಕಸ, ಬ್ರಷ್ಷು ಇದ್ದ ಸಣ್ಣ ಚೀಲ.

“ಏನ್ರಿ ವೈನಿ, ಎಷ್ಟ ಸೊರಗೀರಿ! ನಮ್ಮಣ್ಣ ಇದ್ದಿದ್ರ ನಿಮ್ಮ ಮ್ಯಾಲೂ ಒಂದು ನೋಟೀಸ್ ಹಚ್ಚತಿದ್ದ, ‘ಈ ಮನ್ಯಾಗ ಊಟ ಮಾಡೂದು ನಿಷೇಧ ಮಾಡ್ಯಾರ’ ಅಂತ.”

ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕೂತಳು. ಗುಂಡಿ ಒತ್ತಲಿಲ್ಲ, ಏನನ್ನೂ ಮುಟ್ಟಲಿಲ್ಲ.

“ಮೊದಲ ಹೇಳ್ರಿ. ಇದು ಯಾವಾಗ ಜಾಸ್ತಿ ಹೊತ್ತು ನಡೀತದ, ಯಾವಾಗ ಕಡಿಮಿ?”

“ಮುಂಜಾನೆ ಥಂಡಿ ಇದ್ದಾಗ ಮಾರಿತನಕಾ ಬರ್ತಾರ... ಬರ್ತದ. ಮಧ್ಯಾಹ್ನ ಇಲ್ಲ. ಅನುಜಾ ಮ್ಯಾಲಿಂದ ಮ್ಯಾಲೆ ಹಚ್ಚಿದ್ರ ಗುರುತೂ ತೋರಸೂದಿಲ್ಲ.”

“ಹಂಗಾರ ಕಾವಿನ ದೋಷ. ಒಳಗ ಬಿಸಿ ಏರ್ತದ, ಸುಟ್ಟ ಹೋಗಬಾರದಂತ ತಾನೇ ತನ್ನನ್ನ ಬಂದ್ ಮಾಡ್ಕೋತದ.” ವರದಾಬಾಯಿ ಕನ್ನಡಕ ಸರಿಪಡಿಸಿಕೊಂಡಳು. “ಇನ್ನೊಂದ ಮಾತು. ಕೆಡೂಕಿಂತ ಮೊದಲು ಇದಕ್ಕ ಏನ ಮಾಡಿದ್ರಿ?”

“ಏನೂ ಇಲ್ಲ.”

“ಹಂಗ ಅನಬ್ಯಾಡ್ರಿ. ಇಷ್ಟ ವರ್ಷ ಲೈನ್ ನೋಡೀನಿ ನಾನು. ದೋಷ ತಾನಾಗಿ ಬರೂದಿಲ್ಲ, ಯಾರರೆ ಕೈಹಿಡಿದು ಕರಕೊಂಡ ಬಂದಿರ್ತಾರ. ಏನ ಬಿತ್ತು? ನೀರು ಚೆಲ್ಲಿತೇನು?”

ಇಂದೂಬಾಯಿ ಕಿಟಕಿಯ ಕಡೆ ನೋಡಿದಳು. ಕೆಳಗೆ ಯಾರೋ ಸ್ಕೂಟರು ಚಾಲೂ ಮಾಡುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ಕೊನೆಗೆ ಹೊರಟಿತು. ಹೇಳಿದರೆ ಈ ನಾದಿನಿ ತನ್ನ ಮನೆಯಲ್ಲಿ ಮತ್ತೆ ನೀರು ಮುಟ್ಟಲಿಕ್ಕಿಲ್ಲ. ಹೇಳದಿದ್ದರೆ ನಾಳೆ ಪೆಟ್ಟಿಗೆ ಹೊರಗೆ ಹೋಗುತ್ತದೆ, ಅದರೊಡನೆ ಅವರೂ.

“ಪೂಜಾ ಮಾಡಿದೆ,” ಎಂದಳು.

“ಏನು?”

“ಖಂಡೇನವಮಿಗೆ. ವರ್ಷದಾಗ ಮಾಡಬಾರದು, ನನಗ ಗೊತ್ತದ. ಬಾಗಲಾ ಹಾಕ್ಕೊಂಡು ಮಾಡಿದೆ. ಅವರು ಒಂದು ವರ್ಷಾನೂ ತಪ್ಪಿಸಿರಲಿಲ್ಲ ವರದಾ... ಮರುದಿನದಿಂದ ಅವರು ಒಳಗ ಬರೂದು ನಿಂತತು. ಬರ್ತಾರ, ತಟ್ತಾರ, ತಿರಗಿ ಹೋಗ್ತಾರ.”

ವರದಾಬಾಯಿ ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

“ಗೆಜ್ಜೆವಸ್ತ್ರಾ ಏರಿಸಿದ್ರೇನು?”

“ಹೂಂ.”

“ಎಲ್ಲಿ?”

“ಪೆಟಗಿ ನೆತ್ತಿ ಮ್ಯಾಲೆ. ಮರುದಿನ ಇರಲೇ ಇಲ್ಲ. ಅವರು ತಗೊಂಡ್ರು.”

“ಮಷೀನ್ ಬಂದ್ ಮಾಡಿ ಏರಿಸಿದ್ರೋ, ಚಾಲೂ ಇತ್ತೋ?”

“ಚಾಲೂ ಇತ್ತು. ಅವರ ಮಾರಿ ನೋಡಕೋತ ಮಾಡಬೇಕಂತ...”

“ಅಯ್ಯ ನಮ್ಮವ್ವಾ!” ವರದಾಬಾಯಿ ಹಣೆ ಹಣೆ ಬಡಿದುಕೊಂಡಳು. “ಶಾಸ್ತ್ರ ಮುರದದ್ದು ಹಾಳಾಗಿ ಹೋಗ್ಲಿ, ತಿರುಗೂ ಫ್ಯಾನಿಗೆ ಯಾರರೆ ಮಾಲಿ ಹಾಕ್ತಾರೇನ್ರಿ? ಅಣ್ಣ ಹೆಂಗ ಮಾಡ್ತಿದ್ದ, ನೆನಸ್ಕೋರಿ.”

ಇಂದೂಬಾಯಿ ನೆನೆಸಿಕೊಂಡಳು. ರಾಯರು ಮೊದಲು ಸ್ವಿಚ್ಚು ಆರಿಸುತ್ತಿದ್ದರು, ವರ್ಷದಲ್ಲಿ ಆ ಒಂದು ದಿನ. ಆಮೇಲೆ ಪೆಟ್ಟಿಗೆಯ ಮೇಲೆ ಹಿತ್ತಾಳೆಯ ತಾಟು ಇಟ್ಟು, ಹೂವು ಅಕ್ಷತೆ ಎಲ್ಲ ಆ ತಾಟಿನೊಳಗೆ. ಅದು ಅವರ ಅಚ್ಚುಕಟ್ಟು ಎಂದು ಅವಳು ತಿಳಿದಿದ್ದಳು. ಪೆಟ್ಟಿಗೆಯ ನೆತ್ತಿಯಲ್ಲಿ ಗಾಳಿಯ ಜಾಳಿಗೆಯಿದೆ, ಅದು ಒಂದು ಕಡೆ ಮುರಿದು ದೊಡ್ಡ ಕಂಡಿಯಾಗಿದೆ ಎಂಬುದನ್ನು ಅವಳು ಎಂದೂ ಬಗ್ಗಿ ನೋಡಿರಲಿಲ್ಲ. ಅವಳ ಹೊಲಿಗೆಯ ಮಷೀನು ಗಟ್ಟಿ ಕಬ್ಬಿಣ. ನೆತ್ತಿಯ ಮೇಲೆ ಏನಿಟ್ಟರೂ ಅಲ್ಲೇ ಇರುತ್ತಿತ್ತು.

ಸ್ವಿಚ್ಚು ಆರಿದ್ದನ್ನು ನೋಡಿಕೊಂಡು, ವಾಯರುಗಳನ್ನು ಕಿತ್ತು, ಇಬ್ಬರೂ ಸೇರಿ ಪೆಟ್ಟಿಗೆಯನ್ನು ಚಾಪೆಯ ಮೇಲೆ ಮಲಗಿಸಿದರು. ವರದಾಬಾಯಿ ಪಕ್ಕದ ತಗಡನ್ನು ಬಿಚ್ಚಿದಳು. ಒಳಗೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೊದ್ದಿತ್ತು. ಅದರ ಮೇಲೆ ಒಣಗಿದ ಚೆಂಡುಹೂವಿನ ಎಸಳು, ಹಳದಿ ಅಕ್ಷತೆಕಾಳು. ನಟ್ಟನಡುವೆ ಅಂಗೈಯಷ್ಟು ಒಂದು ಫ್ಯಾನು. ಅದರ ಕುತ್ತಿಗೆಗೆ ಗೆಜ್ಜೆವಸ್ತ್ರ ಸುತ್ತಿ ಸುತ್ತಿ ಬಿಗಿದಿತ್ತು. ಕುಂಕುಮದ ಕಲೆಗಳು ಕಪ್ಪುಗೆಂಪಾಗಿ ಒಣಗಿದ್ದವು. ಎಳೆಯ ಒಂದು ತುದಿಯಲ್ಲಿ ಅಂಟಿಕೊಂಡ ಗಂಧದ ಗಟ್ಟಿ, ಫ್ಯಾನು ತಿರುಗಲು ಹೆಣಗಿದಾಗಲೆಲ್ಲ ಪಕ್ಕದ ತಗಡಿಗೆ ಬಡಿಯುವಂತಿತ್ತು.

ಇಂದೂಬಾಯಿ ಅದನ್ನು ನೋಡಿದಳು. ಅವರು ವಸ್ತ್ರ ತೆಗೆದುಕೊಂಡದ್ದು ನಿಜವಾಗಿತ್ತು.

“ನೀವ ಬಿಚ್ಚರಿ,” ಎಂದಳು ವರದಾಬಾಯಿ. “ದಾರದ ಕೆಲಸ ನಿಮಗ ಗೊತ್ತು. ನಾ ಬೆಳಕ ಹಿಡೀತೀನಿ.”

ಇಂದೂಬಾಯಿ ತನ್ನ ಹೊಲಿಗೆಯ ಡಬ್ಬಿಯಿಂದ ಚಿಮಟ ತಂದಳು. ಮಷೀನಿನ ಗಾಲಿಗೆ ಸಿಕ್ಕ ದಾರವನ್ನು ಬಿಡಿಸಿ ಬಿಡಿಸಿ ಮುದಿಯಾದ ಕೈ. ಬಗ್ಗಿ, ಒಂದೊಂದೇ ಸುತ್ತನ್ನು ಎತ್ತಿ ಹಿಂದಕ್ಕೆ ತಿರುಗಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆಯೇ ಕೇಳಿದಳು:

“ಹಂಗಾರ ಅವರು ತಿರಗಿ ಹೋಗ್ತಿದ್ದದ್ದು ನನ್ನ ಪೂಜಾದಿಂದನೇ?”

“ಸಮಾಧಾನಕ್ಕ ಹೇಳಲ್ಯಾ, ಖರೇ ಹೇಳಲ್ಯಾ?”

“ಖರೇ ಹೇಳು.”

“ನಿಮ್ಮ ಪೂಜಾದಿಂದನೇ. ಇದ ಸುತ್ತಿ ಫ್ಯಾನ್ ನಿಂತತು, ಉಸಿರ ಕಟ್ಟಿತು. ಅಷ್ಟ.”

ಇಂದೂಬಾಯಿ ಇನ್ನೂ ಎರಡು ಸುತ್ತು ಬಿಡಿಸಿದಳು.

“ವರದಾ, ಆವತ್ತ ನನಗ ಕೇಳಿಸಿತ್ತು.”

“ಏನು?”

“ಅವರು ಕಠಡಾಕ್ಕ ಉಂಗುರ ಬಡದದ್ದು. ನಾ ಪಿಕೋ ಮಾಡಲಿಕ್ಕತ್ತಿದ್ದೆ. ಕೇಳಿಸ್ತು. ಸೆರಗ ಮುಗಸಿ ಎದ್ದರಾತಂತ ಕೂತೆ. ಡಾಕ್ಟರ್ ಏನರೆ ಅನ್ನಲಿ. ಅವರು ಕರದ್ರು, ನಾ ಕೂತೆ.”

ವರದಾಬಾಯಿಯ ಕೈಯಲ್ಲಿದ್ದ ಮೊಬೈಲಿನ ಬೆಳಕು ಒಮ್ಮೆ ಅಲುಗಿ, ಫ್ಯಾನಿನಿಂದ ಗೋಡೆಗೆ, ಗೋಡೆಯ ಮೇಲಿನ ರಾಯರ ಫೋಟೋದ ಕಡೆಗೆ ಹೋಗಿ ಬಂತು. ಆಮೇಲೆ ಮೊದಲಿದ್ದಲ್ಲಿಯೇ ನಿಂತಿತು. ಸತ್ತವನು ಅವಳ ಒಡಹುಟ್ಟಿದವನು. ಏನನ್ನಾದರೂ ಅನ್ನಲು ಅವಳಿಗೆ ಹಕ್ಕಿತ್ತು. ಇಂದೂಬಾಯಿ ಅದನ್ನು ಕಾಯುತ್ತ ಚಿಮಟವನ್ನು ಹಾಗೆಯೇ ಹಿಡಿದಿದ್ದಳು.

“ಎಳೀ ಜಗ್ಗಬ್ಯಾಡ್ರಿ ವೈನಿ,” ಎಂದಳು ವರದಾಬಾಯಿ ಕೊನೆಗೆ. “ಹರೀತದ. ಸಾವಕಾಶ ಬಿಚ್ಚರಿ. ಅವಸರಿಲ್ಲ.”

ಕೊನೆಯ ಸುತ್ತು ಬಿಡಿಸಿಕೊಂಡು ಬಂದಾಗ ವಸ್ತ್ರ ಇಡಿಯಾಗಿಯೇ ಕೈಗೆ ಬಂತು. ವರದಾಬಾಯಿ ಬ್ರಷ್ಷಿನಿಂದ ಧೂಳು ಕೆಡವಿ, ಫ್ಯಾನನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಅದು ಹಗುರಾಗಿ ತಿರುಗಿ, ತಿರುಗಿ, ತಾನೇ ನಿಂತಿತು. ತಗಡು ಮುಚ್ಚಿ, ವಾಯರು ಜೋಡಿಸಿ, ಗೋಡೆಯ ಸ್ವಿಚ್ಚು ಹಾಕಿದ ಕೂಡಲೆ ಯಂತ್ರ ತಾನೇ ಎದ್ದಿತು.

ಟಕ್ ಟಕ್ ಇರಲಿಲ್ಲ. ಹರಿಯುವ ನೀರಿನಂಥ ಸಣ್ಣ ಸದ್ದೊಂದು. ಚಕ್ರ ತಿರುಗಿತು. ರಾಯರ ಮುಖ ಬಂತು. ಇಂದೂಬಾಯಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಮುಖ ಹೋಗಲಿಲ್ಲ. ವರದಾಬಾಯಿ ಒಂದು ಕೀಲಿ ಒತ್ತಿದಳು. ಮುಖ ಸರಿದು, ಒಳಗಿನ ನೀಲಿ ಪರದೆ ತೆರೆಯಿತು. ಅದರ ತುಂಬ ಸಾಲಾಗಿ ಸೂಚನೆಗಳು. ‘ಪಾರ್ಕಿಂಗ್’, ‘ಪಾರ್ಕಿಂಗ್ ಮತ್ತೊಮ್ಮೆ’, ‘ಪಾರ್ಕಿಂಗ್ ಕೊನೆಯ ಸಲ’, ‘ಪಾರ್ಕಿಂಗ್ ನಿಜವಾಗಿ ಕೊನೆಯ ಸಲ’. ಎಲ್ಲಕ್ಕೂ ಕೆಳಗೆ ‘ಟಾಕಿ’. ವರದಾಬಾಯಿ ಅದನ್ನು ತೆರೆದು, ಮರಾಠಿಯದನ್ನು ಕನ್ನಡ ಮಾಡಿ ಓದಿದಳು:

“‘ನೀರಿನ ಟಾಕಿಯ ಮುಚ್ಚಳ ತೆರೆದಿಟ್ಟವರು ದಯವಿಟ್ಟು ಒಳಗೆ ಬಗ್ಗಿ ನೋಡಬೇಕು. ಅವರ ಬುದ್ಧಿ ಅಲ್ಲಿ ಬಿದ್ದಿರಬಹುದು.’”

ಇಬ್ಬರಿಗೂ ನಗು ಬಂತು. ತಡೆಯಲಾರದ ನಗು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಬಂದ ನಗು. ಅದು ಎಲ್ಲಿ ಮುಗಿದು ಎಲ್ಲಿ ಅಳುವಾಯಿತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ಸಂಜೆ ಹೊರಡುವ ಮೊದಲು ವರದಾಬಾಯಿ ಕಂಪ್ಯೂಟರಿನ ಮುಂದೆ ಮತ್ತೊಮ್ಮೆ ಕೂತಳು.

“ಅನುಜಾಗ ನಾ ಫೋನ್ ಮಾಡಿ ಹೇಳ್ತೀನಿ, ನಾಳೆ ಇದನ್ನ ಒಯ್ಯೂದು ಬ್ಯಾಡಂತ. ಇನ್ನೊಂದ ಅದ ವೈನಿ. ಕರೆಂಟ್ ಬಂದ ಕೂಡ್ಲೆ ಇದು ತಾನೇ ಏಳೂದು, ಅಣ್ಣ ಒಳಗ ಮಾಡಿಟ್ಟಾನ. ಒಂದ ನಿಮಿಷದ ಕೆಲಸ. ತಗದಬಿಡ್ಲ್ಯಾ?”

ಪರದೆಯ ಮೇಲಿನ ಬೆಳಕು ಇಂದೂಬಾಯಿಯ ಮುಖದ ಮೇಲೆ ಬಿದ್ದಿತ್ತು. ಒಳಗೆ ಏನಿದೆ, ಯಾಕೆ ಏಳುತ್ತದೆ, ಯಾಕೆ ಆರುತ್ತಿತ್ತು, ಎಲ್ಲವನ್ನೂ ಅವಳು ಈಗ ಕಣ್ಣಾರೆ ಕಂಡಿದ್ದಳು. ಬಿಡಿಸಿದ ವಸ್ತ್ರ ಅವಳ ಮುಷ್ಟಿಯಲ್ಲಿಯೇ ಇತ್ತು.

“ಜ್ಯೇಷ್ಠಕ್ಕ ವರ್ಷ ತುಂಬ್ತದ,” ಎಂದಳು. “ಅಲ್ಲಿತನಕಾ ಮನೀ ಸುತ್ತಮುತ್ತ ಇರ್ತಾರಂತ ಹಿರಿಯರು ಅಂತಾರ. ಇಷ್ಟ ದಿನ ಹೊರಗ ನಿಂತಾರ. ಈಗ ನಾಲ್ಕ ಗುರುವಾರ ಒಳಗ ಬಂದು ಕೂಡ್ಲಿ. ವರ್ಷಾಬ್ದಿಕ ಆದ ಮ್ಯಾಲೆ ನೀನ ಬಂದು ತಗದಬಿಡು. ಆಗ ನಾ ಬ್ಯಾಡನ್ನೂದಿಲ್ಲ.”

ವರದಾಬಾಯಿ ತಲೆಯಾಡಿಸಿದಳು. ಪೇಚುಕಸವನ್ನು ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, “ಬರ್ತೀನ್ರಿ ವೈನಿ” ಎಂದಳು. ಒಂದು ಗಳಿಗೆ ತಡೆದು, ಮೂಲೆಯ ಕಡೆ ನೋಡಿ, ಮತ್ತೂ ಏನೋ ತುಟಿಯಲ್ಲೇ ಹೇಳಿದಳು. ಇಂದೂಬಾಯಿಗೆ ಅದು ಕೇಳಿಸಲಿಲ್ಲ.

ಇಂದೂಬಾಯಿ ಹೊಸ್ತಿಲಲ್ಲಿ ನಿಂತು ನಾದಿನಿ ಇಳಿದು ಹೋಗುವುದನ್ನು ನೋಡಿದಳು. ಮೆಟ್ಟಿಲಿನ ದೀಪ ಇನ್ನೂ ಹತ್ತಿರಲಿಲ್ಲ. ಮೊಣಕಾಲು ನೋವಿನ ವರದಾಬಾಯಿ ಕಠಡೆಯನ್ನು ಬಿಗಿಯಾಗಿ ಹಿಡಿದೇ ಒಂದೊಂದು ಮೆಟ್ಟಿಲು ಇಳಿದಳು. ರಾಯರು ಕೂತಿದ್ದ ಕಟ್ಟೆಯ ತಿರುವಿಗೆ ಬಂದಾಗ ಅವಳು ಕಠಡೆಯನ್ನು ಬಿಟ್ಟಳು. ಬೆನ್ನು ತಾಗುವ ಹಾಗೆ ಗೋಡೆಗೆ ಸರಿದು, ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಕೆಳಗಿನಿಂದ ಯಾರೋ ಹಿರಿಯರು ಮೇಲೆ ಬರುತ್ತಿರುವಂತೆ ಸ್ವಲ್ಪ ಹೊತ್ತು ದಾರಿ ಬಿಟ್ಟು ನಿಂತಳು. ಆಮೇಲೆ ಇಳಿದು ಹೋದಳು.